ಮೂರನೇ ಫ್ಯೂಸ್ ಹಾಕುವ ಮುನ್ನ

ಪಾರ್ಕಿಂಗ್ ದೀಪದ ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ. ಹೊಸದು ಹಾಕಿದರೆ ಅದೂ ಹೋಗುತ್ತದೆ. ಮೂರನೆಯದು ಜೇಬಿನಲ್ಲಿಲ್ಲ, ಕತ್ತಲಾಗುತ್ತಿದೆ, ಊರು ಇನ್ನೂ ದೂರ. ಇಂಥ ಹೊತ್ತಿನಲ್ಲಿ ರಸ್ತೆ ಬದಿಯಲ್ಲಿ ಸಿಗುವ ಪರಿಹಾರ ಹೆಚ್ಚುಕಡಿಮೆ ಒಂದೇ: ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. ಸುಟ್ಟ ಫ್ಯೂಸಿಗೆ ಅದನ್ನು ಸುತ್ತಿ ಸಿಕ್ಕಿಸಿದರೆ ದೀಪ ಹತ್ತಿದರೂ ಹತ್ತಬಹುದು. ಆದರೆ ಅಲ್ಲಿಂದಾಚೆಗೆ ಫ್ಯೂಸ್ ಮಾಡಬೇಕಾದ ಕೆಲಸವನ್ನು ಡ್ಯಾಶ್‌ಬೋರ್ಡ್ ಹಿಂದಿನ ವೈರ್ ಮಾಡತೊಡಗುತ್ತದೆ. ತಾನು ಕಾದು, ಅಕ್ಕಪಕ್ಕದ ವೈರುಗಳ ಪ್ಲಾಸ್ಟಿಕ್ಕನ್ನೂ ಕರಗಿಸಿಕೊಂಡು.

ಕಾರಿನ ಬ್ಯಾಟರಿ 12 ವೋಲ್ಟಿನದು. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಆ ಕಾರಣಕ್ಕೇ ಜನ ಅದನ್ನು ಹಗುರವಾಗಿ ಕಾಣುತ್ತಾರೆ. ಅಪಾಯವಿರುವುದು ವೋಲ್ಟಿನಲ್ಲಲ್ಲ, ಆಂಪಿಯರಿನಲ್ಲಿ. ಸಿಪ್ಪೆ ಸವೆದ ವೈರೊಂದು ಬಾಡಿಯ ತಗಡಿಗೆ ತಾಗಿ, ಆ ದಾರಿಯ ಒಟ್ಟು ರೋಧ 0.1 ಓಮ್‌ಗೆ ಇಳಿದರೆ ಲೆಕ್ಕದ ಪ್ರಕಾರ 120 ಆಂಪಿಯರ್ ಹರಿಯಬೇಕು. ಹತ್ತು ಆಂಪಿಯರಿಗೆಂದು ಎಳೆದ ಸಪೂರ ವೈರ್ ಅದನ್ನು ಎಷ್ಟು ಹೊತ್ತು ತಾಳೀತು? ಫ್ಯೂಸ್ ಇರುವುದು ಈ ವೈರನ್ನು ಕಾಯಲು; ಬಲ್ಬನ್ನೋ ಹಾರನ್ನನ್ನೋ ಕಾಯಲು ಅಲ್ಲ. ಹಾಗಾಗಿ ಪದೇಪದೇ ಹೋಗುವ ಫ್ಯೂಸನ್ನು ಬೈಯುವ ಬದಲು ಅದು ಯಾವಾಗ ಹೋಯಿತು, ಹೇಗೆ ಸುಟ್ಟಿತು ಎಂದು ನೋಡಬೇಕು. ಶಾರ್ಟ್ ಹುಡುಕುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.

ಹಳೆಯ ಕಾರುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ ನಿಂತದ್ದು 2014ರಲ್ಲಿ. ಅಂಬಾಸಿಡರ್ ನಿಂತದ್ದೂ ಅದೇ ವರ್ಷ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಿಕೊಳ್ಳಬೇಕು. ಇಂಡಿಕೇಟರ್ ಮಿನುಗದ, ಬ್ರೇಕ್ ದೀಪ ಹತ್ತದ ಗಾಡಿಯನ್ನು ಆ ತಪಾಸಣೆಗೆ ಒಯ್ದರೆ ವಾಪಸ್ ಕಳಿಸುತ್ತಾರೆ. ಎಂಜಿನ್ ಗಟ್ಟಿಮುಟ್ಟಾಗಿದ್ದೂ ವೈರಿಂಗ್ ಕೈಕೊಟ್ಟು ಶೆಡ್ಡಿನಲ್ಲಿ ಕೂತ ಕಾರುಗಳು ಪ್ರತಿ ಊರಿನಲ್ಲೂ ಸಿಗುತ್ತವೆ.

ಗ್ಯಾರೇಜಿನ ಮಾತಿನಲ್ಲಿ ಕರೆಂಟಿನ ತೊಂದರೆಗಳೆಲ್ಲ ‘ಶಾರ್ಟ್’. ನಿಜಕ್ಕೂ ಅವು ಬೇರೆ ಬೇರೆ ಕಾಯಿಲೆಗಳು, ಮದ್ದೂ ಬೇರೆ. ಬ್ಯಾಟರಿಯ ಪಾಸಿಟಿವ್ ಕಡೆಯ ವೈರ್ ನೇರವಾಗಿ ಬಾಡಿಗೆ ತಾಗಿ ಫ್ಯೂಸ್ ಹಾರಿಸಿದರೆ ಅದು ಶಾರ್ಟ್. ವೈರ್ ಒಳಗೊಳಗೇ ತುಂಡಾಗಿ ದೀಪ ಹತ್ತದಿದ್ದರೆ ಅದು ಬರೀ ಕಡಿತ, ಫ್ಯೂಸ್ ಚೆನ್ನಾಗಿಯೇ ಇರುತ್ತದೆ. ಕಾರು ನಿಂತಲ್ಲೇ ರಾತ್ರೋರಾತ್ರಿ ಬ್ಯಾಟರಿ ಇಳಿದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಜೊತೆಗೆ ಮಿಣುಕುತ್ತಿದ್ದರೆ, ಬ್ರೇಕ್ ಒತ್ತಿದಾಗ ಬೇರೆ ಯಾವುದೋ ದೀಪ ಮಂಕಾಗಿ ಹತ್ತುತ್ತಿದ್ದರೆ ಅದು ಅರ್ಥ್ ಕೆಟ್ಟ ಲಕ್ಷಣ. ತನ್ನ ದಾರಿಯಲ್ಲಿ ಬಾಡಿಗೆ ಇಳಿಯಲಾಗದ ಕರೆಂಟ್ ಪಕ್ಕದ ಬಲ್ಬಿನೊಳಗೆ ನುಗ್ಗಿ ಹೋಗುತ್ತಿರುತ್ತದೆ. ಇದನ್ನು ಶಾರ್ಟ್ ಎಂದುಕೊಂಡು ವೈರ್ ಬದಲಿಸಿದವರು ಬಹಳ ಮಂದಿ. ಬೇಕಾದದ್ದು ಒಂದು ತುಂಡು ಎಮರಿ ಪೇಪರ್ ಮತ್ತು ಬಾಡಿಗೆ ಬಿಗಿದ ಸ್ಕ್ರೂವಿನ ಕೆಳಗಿನ ತುಕ್ಕು ತೆಗೆಯುವಷ್ಟು ತಾಳ್ಮೆ.

ಅರ್ಥ್ ಕೆಟ್ಟಾಗ ಆಗುವ ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬಾಡಿಗೂ ಅದಕ್ಕೂ ಕರೆಂಟಿನ ನಂಟು ಉಳಿದಿರುವುದು ತಾಮ್ರದ ಹೆಣಿಗೆಯ ಒಂದು ಅರ್ಥ್ ಪಟ್ಟಿಯಿಂದ. ಆ ಪಟ್ಟಿ ತುಂಡಾದರೆ ಸೆಲ್ಫ್ ಮೋಟಾರಿನ ಭಾರೀ ಕರೆಂಟ್ ಬಾಡಿಗೆ ಮರಳಲು ಬೇರೆ ದಾರಿ ಹುಡುಕುತ್ತದೆ. ಸಿಗುವುದು ಚೋಕ್ ಕೇಬಲ್ಲು, ಇಲ್ಲವೇ ಆಕ್ಸಿಲರೇಟರ್ ಕೇಬಲ್ಲು. ಕೀ ತಿರುಗಿಸಿದಾಗ ಕೇಬಲ್ ಬಿಸಿಯಾಗಿ ಹೊಗೆ ಬಂದರೆ ಮೊದಲು ನೋಡಬೇಕಾದದ್ದು ಎಂಜಿನ್ ಕೆಳಗಿನ ಆ ಪಟ್ಟಿಯನ್ನು. ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಸುಲಭ: ಒಂದು ಕಡ್ಡಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಸರಿಯಿಲ್ಲ.

ಈಗ ನಿಜವಾದ ಶಾರ್ಟಿಗೆ ಬರೋಣ.

ಮೊದಲು ಉಂಗುರ, ವಾಚು, ಬಳೆ, ಕೈಗೆ ಕಟ್ಟಿದ ಚೈನು ತೆಗೆದಿಡಬೇಕು. ಪಾಸಿಟಿವ್‌ಗೂ ಬಾಡಿಗೂ ನಡುವೆ ಸಿಕ್ಕ ಉಂಗುರ ಕ್ಷಣದಲ್ಲಿ ಕಾಯುತ್ತದೆ, ಬೆರಳಿನ ಚರ್ಮ ಸುಡುತ್ತದೆ. ಬ್ಯಾಟರಿ ಬಿಚ್ಚುವಾಗ ಅರ್ಥ್ ಕಡೆಯ ಟರ್ಮಿನಲ್ ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು. ಹಾಗೆ ಮಾಡಿದರೆ ಸ್ಪ್ಯಾನರ್ ಜಾರಿ ಬಾಡಿಗೆ ಬಡಿದರೂ ಕಿಡಿ ಹಾರುವುದಿಲ್ಲ. ಇಂದಿನ ಕಾರುಗಳಲ್ಲಿ ಅರ್ಥ್ ಎಂದರೆ ನೆಗೆಟಿವ್. ಆದರೆ 1960ರ ದಶಕದ ನಡುವಿನವರೆಗೆ ಬಂದ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಟರ್ಮಿನಲ್ಲೇ ಬಾಡಿಗೆ ಸೇರಿರುತ್ತಿತ್ತು. ಅಜ್ಜನ ಕಾಲದ ಗಾಡಿಗೆ ಇಂದಿನ ಅಭ್ಯಾಸದಂತೆ ಬ್ಯಾಟರಿ ಜೋಡಿಸುವ ಮುನ್ನ ಯಾವ ಕೇಬಲ್ ಬಾಡಿಗೆ ಬಿಗಿದಿದೆ ಎಂದು ಕಣ್ಣಾರೆ ನೋಡಬೇಕು.

ಆಮೇಲೆ ಸುಟ್ಟ ಫ್ಯೂಸಿನ ಮುಖ ನೋಡಬೇಕು. ಗಾಜಿನ ಫ್ಯೂಸಿನ ಒಳಗೋಡೆ ಕಪ್ಪಾಗಿ, ಕನ್ನಡಿಯಂತೆ ಲೋಹ ಮೆತ್ತಿಕೊಂಡಿದ್ದರೆ ಏಕಾಏಕಿ ಭಾರೀ ಕರೆಂಟ್ ಹರಿದಿದೆ ಎಂದರ್ಥ. ವೈರ್ ಬಾಡಿಗೆ ನೇರ ತಾಗಿದೆ. ಗಾಜು ಸ್ವಚ್ಛವಾಗಿದ್ದು ತಂತಿ ನಡುವೆ ಮಾತ್ರ ಕರಗಿದ್ದರೆ ಮಿತಿಗಿಂತ ತುಸು ಹೆಚ್ಚು ಕರೆಂಟ್ ಬಹಳ ಹೊತ್ತು ಹರಿದಿದೆ. ಜಾಮ್ ಆದ ವೈಪರ್ ಮೋಟಾರೋ, ಒಂದೇ ಫ್ಯೂಸಿನ ಮೇಲೆ ಹೊರಿಸಿದ ಹೊಸ ಹಾರನ್ನೋ ಇರಬೇಕು. ಬಣ್ಣದ ಪ್ಲಾಸ್ಟಿಕ್ಕಿನ ಚಪ್ಪಟೆ ಫ್ಯೂಸಿನಲ್ಲಿ ಒಳಗಿನ ತಗಡು ಹಾಗೇ ಇದ್ದು ಪ್ಲಾಸ್ಟಿಕ್ ಮಾತ್ರ ಕರಗಿದ್ದರೆ ಗೂಡಿನ ಹಿಡಿತ ಸಡಿಲಾಗಿದೆ. ಫಿಯೆಟ್ ಮೂಲದ ಪ್ರೀಮಿಯರ್ ಪದ್ಮಿನಿಯಲ್ಲಿ ಬರುತ್ತಿದ್ದ ಎರಡೂ ತುದಿ ಚೂಪಾದ ಫ್ಯೂಸುಗಳದ್ದು ಬೇರೆಯೇ ಗುಣ: ಎಷ್ಟೋ ಸಲ ಅವು ಸುಟ್ಟಿರುವುದೇ ಇಲ್ಲ, ಹಿಡಿದಿಟ್ಟ ಕ್ಲಿಪ್ಪಿಗೆ ಕಿಲುಬು ಹತ್ತಿರುತ್ತದೆ. ಬೆರಳಲ್ಲಿ ಎರಡು ಸಲ ತಿರುಗಿಸಿದರೆ ಸತ್ತ ಹಾರನ್ ಮತ್ತೆ ಕೂಗುತ್ತದೆ.

ಯಾವಾಗ ಹೋಯಿತು ಎಂಬ ಪ್ರಶ್ನೆ ಇನ್ನೂ ಮುಖ್ಯ. ಕೀ ತಿರುಗಿಸಿದ ಕೂಡಲೇ ಹೋದರೆ ಶಾರ್ಟ್ ಸದಾ ಅಲ್ಲೇ ಇದೆ, ಹುಡುಕುವುದು ಸುಲಭ. ರಿವರ್ಸ್ ಗೇರ್ ಹಾಕಿದಾಗ ಮಾತ್ರ ಹೋದರೆ ಗೇರ್‌ಬಾಕ್ಸಿನ ಸ್ವಿಚ್ಚಿನಿಂದ ಹಿಂದಿನ ಬಿಳಿ ದೀಪದವರೆಗಿನ ವೈರಿನಲ್ಲಿ ಹುಡುಕಬೇಕು. ಅದು ಸೈಲೆನ್ಸರ್ ಪೈಪಿನ ಹತ್ತಿರ ಹಾದಿದ್ದರೆ ಅಲ್ಲಿಂದಲೇ ಶುರು ಮಾಡಬಹುದು. ಹಂಪ್ ಹಾರಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಎಂಜಿನ್ ಕಾದ ಮೇಲೆ, ಮಳೆಯಲ್ಲಿ ಎಂಬ ಒಂದೊಂದು ಉತ್ತರವೂ ಹುಡುಕುವ ಜಾಗವನ್ನು ಕಿರಿದು ಮಾಡುತ್ತ ಹೋಗುತ್ತದೆ. ಗಾಡಿಯ ಮಾಲೀಕನಿಗೆ ಇದೆಲ್ಲ ಗೊತ್ತಿರುತ್ತದೆ, ಎಲೆಕ್ಟ್ರಿಷಿಯನ್‌ಗೆ ಗೊತ್ತಿರುವುದಿಲ್ಲ. ‘ಲೈಟ್ ಬರ್ತಿಲ್ಲ, ನೋಡಿ’ ಎಂದಷ್ಟೇ ಹೇಳಿ ಗಾಡಿ ಬಿಟ್ಟು ಬಂದರೆ ಅವರು ಮೊದಲಿನಿಂದ ಹುಡುಕಬೇಕು, ಆ ಹೊತ್ತಿನ ದುಡ್ಡನ್ನು ಮಾಲೀಕನೇ ಕೊಡಬೇಕು.

ಹುಡುಕಾಟಕ್ಕೆ ಬೇಕಾದ ಮುಖ್ಯ ಸಲಕರಣೆ ಬಹಳ ಅಗ್ಗದ್ದು. ಇಂಡಿಕೇಟರಿಗೆ ಹಾಕುವ 12 ವೋಲ್ಟ್, 21 ವ್ಯಾಟಿನ ಒಂದು ಬಲ್ಬು, ಒಂದು ಹೋಲ್ಡರು, ಎರಡು ಮೊಳ ವೈರು, ತುದಿಗೆ ಎರಡು ಕ್ಲಿಪ್ಪು. ಸುಟ್ಟ ಫ್ಯೂಸನ್ನು ತೆಗೆದು, ಅದರ ಗೂಡಿನ ಎರಡು ಬಾಯಿಗೆ ಈ ಬಲ್ಬಿನ ಎರಡು ವೈರನ್ನು ಸಿಕ್ಕಿಸಬೇಕು. ಫ್ಯೂಸಿನ ಜಾಗದಲ್ಲಿ ಈಗ ಬಲ್ಬು ಕೂತಂತಾಯಿತು. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಕಿನಲ್ಲಿ ಉರಿಯುತ್ತದೆ. ಅದರ ಮೂಲಕ ಎರಡು ಆಂಪಿಯರಿಗಿಂತ ಕಡಿಮೆ ಹರಿಯುವುದರಿಂದ ಯಾವ ವೈರೂ ಕಾಯುವುದಿಲ್ಲ, ಫ್ಯೂಸಿನ ಮೇಲೆ ಫ್ಯೂಸ್ ಸುಡುವ ಖರ್ಚೂ ಇಲ್ಲ. ಶಾರ್ಟ್ ಬಿಟ್ಟುಹೋದ ಕ್ಷಣ ಬಲ್ಬು ಆರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಎಷ್ಟೋ ಮಿನುಗುವ ಯಂತ್ರಗಳಿಗಿಂತ ಈ ಬಲ್ಬೇ ಹಳೆಯ ಕಾರಿಗೆ ಮೇಲು.

ಪಾರ್ಕಿಂಗ್ ದೀಪದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕರೆಂಟ್ ಫ್ಯೂಸಿನಿಂದ ಸ್ವಿಚ್ಚಿಗೆ ಬಂದು, ಅಲ್ಲಿಂದ ಕವಲೊಡೆಯುತ್ತದೆ: ಮುಂದಿನ ಎರಡು ಸಣ್ಣ ದೀಪ, ಹಿಂದಿನ ಎರಡು ಕೆಂಪು ದೀಪ, ನಂಬರ್ ಪ್ಲೇಟಿನ ದೀಪ, ಮೀಟರಿನ ಒಳಬೆಳಕು. ಫ್ಯೂಸಿನ ಜಾಗದಲ್ಲಿ ಬಲ್ಬು ಸಿಕ್ಕಿಸಿ, ಸ್ವಿಚ್ ಹಾಕದೆ ಒಂದು ಕ್ಷಣ ಕಾಯಬೇಕು. ಸ್ವಿಚ್ ಹಾಕದೆಯೇ ಬಲ್ಬು ಉರಿದರೆ ಶಾರ್ಟ್ ಫ್ಯೂಸಿಗೂ ಸ್ವಿಚ್ಚಿಗೂ ನಡುವಿನ ವೈರಿನಲ್ಲೇ ಇದೆ. ಉರಿಯಲಿಲ್ಲ ಎಂದಿಟ್ಟುಕೊಳ್ಳೋಣ. ಸ್ವಿಚ್ ಹಾಕಿದ ಕೂಡಲೇ ಝಗ್ಗನೆ ಉರಿಯಿತು. ಅಂದರೆ ಸ್ವಿಚ್ಚಿನ ಆಚೆ.

ಇಲ್ಲಿ ಒಂದು ಎಚ್ಚರ ಬೇಕು. ಶಾರ್ಟ್ ಇಲ್ಲದಿದ್ದರೂ ಪಾರ್ಕಿಂಗ್ ದೀಪಗಳ ಮೂಲಕ ಕರೆಂಟ್ ಹರಿದು ನಮ್ಮ ಬಲ್ಬು ಅರೆಬರೆ ಹತ್ತುತ್ತದೆ. ಗೊಂದಲ ಬೇಡವೆಂದರೆ ಆ ಲೈನಿನ ಬಲ್ಬುಗಳನ್ನೆಲ್ಲ ಹೋಲ್ಡರಿನಿಂದ ತೆಗೆಯಬೇಕು. ತೆಗೆಯುವಾಗಲೇ ಕೆಲವೊಮ್ಮೆ ಕಳ್ಳ ಸಿಕ್ಕಿಬೀಳುತ್ತಾನೆ: ನೀರು ಇಳಿದ ಹೋಲ್ಡರಿನಲ್ಲಿ ಸ್ಪ್ರಿಂಗ್ ತುಕ್ಕಾಗಿ ಒಳಗಿನ ಪಿನ್ನು ಪಕ್ಕದ ಗೋಡೆಗೆ ವಾಲಿರುತ್ತದೆ. ಎಲ್ಲ ಬಲ್ಬು ತೆಗೆದ ಮೇಲೂ ಪರೀಕ್ಷಾ ಬಲ್ಬು ಪೂರ್ತಿ ಉರಿಯುತ್ತಿದ್ದರೆ ತಪ್ಪು ವೈರಿನಲ್ಲೇ ಇದೆ.

ಈಗ ಗಾಡಿಯನ್ನು ಅರ್ಧ ಮಾಡಬೇಕು. ಹಿಂಬದಿಗೆ ಹೋಗುವ ವೈರುಗಳ ಕಟ್ಟು ಎಲ್ಲೋ ಒಂದು ಕಪ್ಲರಿನಲ್ಲಿ ಸೇರಿರುತ್ತದೆ. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗೆ ಇಲ್ಲವೇ ಡಿಕ್ಕಿಯ ಪಕ್ಕದ ತಗಡಿನ ಹಿಂದೆ. ಅದನ್ನು ಬಿಡಿಸಿದಾಗ ಬಲ್ಬು ಆರಿದರೆ ಮುಂಬದಿಯ ಅಷ್ಟೂ ವೈರಿಂಗ್ ನಿರಪರಾಧಿ. ಆರದಿದ್ದರೆ ಹಿಂಬದಿಗೆ ಹೋಗುವ ಕೆಲಸವೇ ಇಲ್ಲ. ಆರಿತು ಎಂದುಕೊಂಡರೆ, ಕಪ್ಲರ್ ಮತ್ತೆ ಸೇರಿಸಿ ಡಿಕ್ಕಿ ತೆರೆಯಬೇಕು. ಮುಚ್ಚಳದ ಮೇಲಿನ ನಂಬರ್ ಪ್ಲೇಟ್ ದೀಪಕ್ಕೆ ಹೋಗುವ ವೈರನ್ನು ಅದರ ಜೋಡಣೆಯಲ್ಲಿ ಬಿಡಿಸಿದಾಗ ಬಲ್ಬು ಆರಿದರೆ, ಉಳಿದದ್ದು ಮೊಳದುದ್ದದ ವೈರು. ಮುಚ್ಚಳ ತೆಗೆದು ಹಾಕುವಾಗಲೆಲ್ಲ ಕೀಲಿನ ಹತ್ತಿರ ಮಡಚಿ ಬಿಚ್ಚಿ ಮಡಚಿ, ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ಸಿಪ್ಪೆ ಬಿರುಕು ಬಿಟ್ಟಿರುತ್ತದೆ. ಡಿಕ್ಕಿ ತೆರೆದಾಗ ಫ್ಯೂಸ್ ಹೋಗದೆ ಮುಚ್ಚಿದಾಗ ಹೋಗುತ್ತಿದ್ದರೆ ಕಾರಣ ಇದೇ.

ಇಷ್ಟನ್ನೂ ಬ್ಯಾಟರಿ ಜೋಡಿಸಿಕೊಂಡೇ ಮಾಡಬಹುದು ಎಂಬುದು ಈ ವಿಧಾನದ ಹೆಚ್ಚುಗಾರಿಕೆ. ಬಂದು ಹೋಗುವ ಶಾರ್ಟಿಗೂ ಇದು ಸಲ್ಲುತ್ತದೆ. ಫ್ಯೂಸಿನ ಜಾಗದ ಬಲ್ಬನ್ನು ಕಣ್ಣಿಗೆ ಕಾಣುವ ಕಡೆ ನೇತುಹಾಕಿ, ವೈರುಗಳ ಕಟ್ಟನ್ನು ಮುಂದಿನಿಂದ ಹಿಂದಕ್ಕೆ ಗೇಣುಗೇಣಾಗಿ ಅಲ್ಲಾಡಿಸುತ್ತ ಹೋಗಬೇಕು. ಎಲ್ಲಿ ಕೈ ಇಟ್ಟಾಗ ಬಲ್ಬು ಮಿನುಗಿತೋ ಅಲ್ಲಿ ಟೇಪ್ ಬಿಚ್ಚಬೇಕು. ಎಲ್ಲೆಂದರಲ್ಲಿ ಟೇಪ್ ಬಿಚ್ಚುತ್ತ ಹೋಗುವ ಎಲೆಕ್ಟ್ರಿಷಿಯನ್ ಕೆಲಸ ಬಲ್ಲವನಲ್ಲ.

ಮಲ್ಟಿಮೀಟರ್ ಬೇಡವೇ ಎಂದರೆ, ಬೇಕು. ಆದರೆ ಅದರ ‘ಬೀಪ್’ ಶಬ್ದವನ್ನು ನಂಬಿ ಮೋಸಹೋಗುವುದು ಬಹಳ ಸುಲಭ. ಉರಿಯುತ್ತಿರುವ 21 ವ್ಯಾಟಿನ ಬಲ್ಬಿನ ರೋಧ ಸುಮಾರು 7 ಓಮ್. ಅದೇ ಬಲ್ಬು ತಣ್ಣಗಿದ್ದಾಗ ಅದರ ಹತ್ತನೇ ಒಂದರಷ್ಟೂ ಇರುವುದಿಲ್ಲ. ಬ್ಯಾಟರಿ ಬಿಚ್ಚಿ, ಫ್ಯೂಸಿನ ಗೂಡಿಗೂ ಬಾಡಿಗೂ ನಡುವೆ ಮೀಟರ್ ಹಿಡಿದರೆ ಸರಿಯಿರುವ ಬಲ್ಬೇ ಶಾರ್ಟಿನಂತೆ ಕೂಗಿಸುತ್ತದೆ. ಹಾಗಾಗಿ ಮೀಟರ್ ಹಿಡಿಯುವ ಮುನ್ನವೂ ಬಲ್ಬು, ಮೋಟಾರು, ಹಾರನ್ನು ಎಲ್ಲ ಬಿಡಿಸಿರಬೇಕು. ಮೀಟರೇ ಬೇಕಾಗುವ ಜಾಗವೂ ಒಂದಿದೆ. ಪೆಟ್ರೋಲ್ ಇಂಜೆಕ್ಷನ್ ಬಂದ ಮೇಲಿನ ಕಾರುಗಳಲ್ಲಿ ಕಂಪ್ಯೂಟರಿಗೆ ಹೋಗುವ ವೈರುಗಳಿಗೆ ಬಲ್ಬು ಹಿಡಿಯಬಾರದು. ಅದು ಎಳೆಯುವ ಕರೆಂಟನ್ನು ಒಳಗಿನ ನಾಜೂಕು ಭಾಗಗಳು ತಾಳಲಾರವು. ಹಳದಿ ಕವಚದ ಏರ್‌ಬ್ಯಾಗ್ ವೈರನ್ನಂತೂ ಬಲ್ಬಿನಿಂದಲೂ ಮೀಟರಿನಿಂದಲೂ ಮುಟ್ಟಬಾರದು.

ವೈರ್ ಸವೆಯುವುದು ಎಲ್ಲೆಲ್ಲಿ? ಎಂಜಿನ್ ಕಡೆಯಿಂದ ಕಾರಿನೊಳಕ್ಕೆ ವೈರ್ ದಾಟುವ ತಗಡಿನ ತೂತಿಗೆ ಒಂದು ರಬ್ಬರ್ ಬುಷ್ ಇರುತ್ತದೆ. ಬಿಸಿಗೆ ಅದು ಗಟ್ಟಿಯಾಗಿ, ಪುಡಿಯಾಗಿ ಉದುರಿದ ಮೇಲೆ, ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಗೆರೆ ಕೊರೆದಂತೆ ತಗಡಿನ ಅಂಚು ವೈರಿನ ಸಿಪ್ಪೆಯನ್ನು ಕೊರೆಯುತ್ತದೆ. ಬಾಗಿಲಿನ ಕೀಲು, ಸ್ಟೀರಿಂಗ್ ಕಂಬದ ಒಳಭಾಗ, ಸೀಟು ಜಾರುವ ಹಳಿ, ಎಕ್ಸಾಸ್ಟ್ ಪಕ್ಕದ ವೈರು, ಹೆಡ್‌ಲೈಟ್ ಹಿಂದಿನ ಕಪ್ಲರು, ಇವು ಉಳಿದ ಅನುಮಾನಾಸ್ಪದ ಜಾಗಗಳು. ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಲ್ಲಿ ಉಪ್ಪುಗಾಳಿಗೆ ಕಪ್ಲರಿನೊಳಗೆ ಹಸಿರು ಕಿಲುಬು ಕಟ್ಟುತ್ತದೆ. ಮಳೆಗಾಲದಲ್ಲಿ ತೇವ ಸೇರಿದಾಗ ಅದೇ ಕಿಲುಬಿನ ಮೂಲಕ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಕರೆಂಟ್ ದಾಟುತ್ತದೆ.

ಇವೆಲ್ಲ ಕಾಲ ಮಾಡಿದ ಸವೆತ. ಮನುಷ್ಯರು ಮಾಡಿದ್ದು ಇನ್ನೂ ಹೆಚ್ಚು. ಹೊಸ ಸ್ಪೀಕರ್, ಫಾಗ್ ಲ್ಯಾಂಪ್, ಸೆಂಟ್ರಲ್ ಲಾಕ್, ರಿವರ್ಸ್ ಹಾಡು ಹಾಕಿಸಿದಾಗ ಅಂಗಡಿಯ ಹುಡುಗ ಹೊಡೆದ ಸ್ಕ್ರೂ ತಗಡಿನ ಹಿಂದಿದ್ದ ವೈರನ್ನೂ ತೂರಿಕೊಂಡು ಹೋಗಿರಬಹುದು. ಆದ್ದರಿಂದ ಹಳೆಯ ಕಾರು ಕೊಂಡವರು ಕೇಳಬೇಕಾದ ಮೊದಲ ಪ್ರಶ್ನೆ: ಕಂಪನಿ ಹಾಕದೇ ಇದ್ದದ್ದು ಈ ಗಾಡಿಯಲ್ಲಿ ಏನೇನಿದೆ? ಅವನ್ನೆಲ್ಲ ಮೊದಲು ಬಿಡಿಸಿ ನೋಡಿದರೆ ಎಷ್ಟೋ ಶಾರ್ಟುಗಳು ಅಲ್ಲಿಗೇ ಮುಗಿಯುತ್ತವೆ. ಇನ್ನು ಇಲಿ. ತಿಂಗಳುಗಟ್ಟಲೆ ನಿಂತ ಕಾರಿನ ಬಾನೆಟ್ ಎತ್ತಿದಾಗ ಹಿಕ್ಕೆ, ಕಾಗದದ ಚೂರು ಕಂಡರೆ ಕೀ ತಿರುಗಿಸುವ ಮುನ್ನ ವೈರುಗಳನ್ನು ನೋಡಬೇಕು. ಇಲಿ ಕಚ್ಚಿದ ಲಕ್ಷಣ ಸ್ಪಷ್ಟ: ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ವಸ್ತುಗಳು ಒಂದೇ ದಿನ ಕೆಡುತ್ತವೆ.

ಶಾರ್ಟ್ ಆಗಿಯೂ ಫ್ಯೂಸ್ ಹೋಗದ ಸಂದರ್ಭವೂ ಇದೆ, ಕಲಿತವರನ್ನೂ ಅದು ಕಂಗೆಡಿಸುತ್ತದೆ. ಎಲ್ಲ ಸ್ವಿಚ್ಚೂ ಪಾಸಿಟಿವ್ ಕಡೆ ಇರುವುದಿಲ್ಲ. ಹಳೆಯ ಕಾರುಗಳಲ್ಲಿ ಹಾರನ್ನಿಗೆ ಕರೆಂಟ್ ಸದಾ ಬಂದಿರುತ್ತದೆ. ಸ್ಟೀರಿಂಗ್ ಮೇಲಿನ ಗುಂಡಿ ಮಾಡುವುದು ಅದನ್ನು ಬಾಡಿಗೆ ಅರ್ಥ್ ಮಾಡುವ ಕೆಲಸ ಮಾತ್ರ. ಗುಂಡಿಗೆ ಬರುವ ವೈರು ಸ್ಟೀರಿಂಗ್ ಕಂಬದೊಳಗೆ ಸವೆದು ತಾಗಿದರೆ ಫ್ಯೂಸ್ ಗಟ್ಟಿಯಾಗಿಯೇ ಇರುತ್ತದೆ, ತಿರುವಿನಲ್ಲಿ ಹಾರನ್ ತಾನಾಗಿ ಕೂಗುತ್ತದೆ. ಬಾಗಿಲು ತೆರೆದಾಗ ಹತ್ತುವ ಒಳದೀಪವೂ ಹಾಗೆಯೇ. ಬಾಗಿಲ ಚೌಕಟ್ಟಿನ ಗುಂಡಿ ಸ್ವಿಚ್ಚು ಅರ್ಥ್ ಕೊಡುತ್ತದೆ. ಅಲ್ಲಿ ವೈರ್ ತಾಗಿದರೆ ದೀಪ ಆರುವುದೇ ಇಲ್ಲ.

ಆರದ ದೀಪ ಬ್ಯಾಟರಿಯನ್ನು ಎಷ್ಟು ಬೇಗ ಇಳಿಸುತ್ತದೆ ಎಂಬ ಲೆಕ್ಕ ಕುತೂಹಲದ್ದು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಇದೆ ಎನ್ನೋಣ. ಡಿಕ್ಕಿಯೊಳಗಿನ 5 ವ್ಯಾಟಿನ ದೀಪ ಎಳೆಯುವುದು 0.42 ಆಂಪಿಯರ್. ಎರಡು ದಿನ ಕಳೆಯುವುದರೊಳಗೆ ಬ್ಯಾಟರಿ ಅರ್ಧ ಖಾಲಿ. ಅದಾಗಲೇ ಹಳೆಯ ಬ್ಯಾಟರಿಯಾದರೆ ಸೆಲ್ಫ್ ಎಳೆಯುವುದಿಲ್ಲ. ಸೋರಿಕೆ ಅಳೆಯಲು ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಅದರಿಂದ ಬಿಚ್ಚಿದ ಕೇಬಲ್ಲಿಗೂ ನಡುವೆ ಮೀಟರ್ ಸೇರಿಸಬೇಕು. ಕೀ ತೆಗೆದಿರಬೇಕು, ಬಾಗಿಲು ಮುಚ್ಚಿರಬೇಕು. ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು, ಹೊಡೆದರೆ ಮೀಟರಿನೊಳಗಿನ ಫ್ಯೂಸ್ ಹೋಗುತ್ತದೆ. ಗಡಿಯಾರವೂ ಇಲ್ಲದ ಕಾರಿನಲ್ಲಿ ಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು. ಗಡಿಯಾರ, ಸ್ಟೀರಿಯೋ ಇದ್ದರೆ 50 ಮಿಲಿ ಆಂಪಿಯರ್‌ವರೆಗೆ ಒಪ್ಪಬಹುದು. ಅದಕ್ಕೂ ಮೀರಿದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತ ಹೋಗಬೇಕು. ಯಾವುದನ್ನು ಕಿತ್ತಾಗ ಅಂಕಿ ದಢಕ್ಕನೆ ಇಳಿಯಿತೋ ಸೋರಿಕೆ ಆ ಲೈನಿನಲ್ಲಿ.

ಯಾವ ಫ್ಯೂಸ್ ಕಿತ್ತರೂ ಇಳಿಯಲಿಲ್ಲವೆಂದರೆ ಫ್ಯೂಸಿಲ್ಲದ ದಾರಿಯಲ್ಲಿ ಹುಡುಕಬೇಕು. ಬ್ಯಾಟರಿಯಿಂದ ನೇರ ಎಳೆದ ಸ್ಟೀರಿಯೋ ವೈರು ಮೊದಲನೆಯ ಅನುಮಾನ. ಎರಡನೆಯದು ಆಲ್ಟರ್ನೇಟರ್: ಅದರೊಳಗಿನ ಡಯೋಡ್ ಕೆಟ್ಟರೆ ಎಂಜಿನ್ ನಿಂತಾಗಲೂ ಕರೆಂಟ್ ಹಿಂದಕ್ಕೆ ಸೋರುತ್ತದೆ. ಬ್ಯಾಟರಿ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ವೈರ್ ತೆಗೆದು ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆದರೆ ಗೊತ್ತಾಗುತ್ತದೆ. ಡೈನಮೋ ಇದ್ದ ಹಳೆಯ ಗಾಡಿಗಳಲ್ಲಿ ಕಟ್‌ಔಟ್ ಪಾಯಿಂಟ್ ಅಂಟಿಕೊಂಡರೆ ಇದಕ್ಕಿಂತ ಗಂಭೀರ. ಎಂಜಿನ್ ನಿಂತ ಮೇಲೂ ಬ್ಯಾಟರಿಯ ಕರೆಂಟ್ ಡೈನಮೋದೊಳಕ್ಕೆ ಹರಿದು ಅದು ಕಾಯತೊಡಗುತ್ತದೆ. ಆಗ ಪರೀಕ್ಷೆ ಅದೂ ಇದೂ ಬಿಟ್ಟು ಮೊದಲು ಬ್ಯಾಟರಿ ಕೇಬಲ್ ತೆಗೆಯಬೇಕು.

ಮೀಟರಿಲ್ಲದ ಕೆಲವು ಹಿರಿಯ ಮೆಕ್ಯಾನಿಕರು ಕೇಬಲ್ಲನ್ನು ಬ್ಯಾಟರಿಗೆ ತಾಗಿಸಿ ಬಿಟ್ಟು ಕಿಡಿಯ ಗಾತ್ರದಿಂದ ಸೋರಿಕೆ ಅಳೆಯುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಆಗಷ್ಟೇ ಚಾರ್ಜ್ ಆದ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬಂದಿರುತ್ತದೆ ಎಂಬುದು ನೆನಪಿದ್ದರೆ ಯಾರೂ ಅದನ್ನು ಮಾಡಲಾರರು.

ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದೆರಡು ವಿಶೇಷ ಮಾತು. ಅದರ ಮೂಲ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್. ಆ ಪೀಳಿಗೆಯ ಬ್ರಿಟಿಷ್ ಕಾರುಗಳಲ್ಲಿ ಇಡೀ ಗಾಡಿಗೆ ಎರಡೇ ಫ್ಯೂಸ್, ಹೆಡ್‌ಲೈಟಿಗೆ ಫ್ಯೂಸೇ ಇರುತ್ತಿರಲಿಲ್ಲ. ಅವುಗಳ ಕರೆಂಟ್ ಭಾಗಗಳನ್ನು ಮಾಡುತ್ತಿದ್ದ ಲ್ಯೂಕಸ್ ಕಂಪನಿಯನ್ನು ಪಶ್ಚಿಮದ ಹಳೆಕಾರು ಪ್ರಿಯರು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುತ್ತ ಬಂದಿದ್ದಾರೆ. ಆ ಗೇಲಿ ಅರ್ಧ ಅನ್ಯಾಯದ್ದು, ಯಾಕೆಂದರೆ ಅದರ ವೈರ್ ಬಣ್ಣಗಳ ಶಿಸ್ತು ಹುಡುಕುವವರಿಗೆ ದೊಡ್ಡ ಉಪಕಾರ. ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಫ್ಯೂಸಿಲ್ಲ. ಬಿಳಿ ಎಂದರೆ ಕೀ ಹಾಕಿದಾಗ ಬರುವುದು, ಅದಕ್ಕೂ ಫ್ಯೂಸಿಲ್ಲ. ಹಸಿರು ಕೀ ಹಾಕಿದಾಗ ಫ್ಯೂಸಿನ ಮೂಲಕ ಬರುವುದು. ನೇರಳೆ ಸದಾ ಇರುವುದು, ಫ್ಯೂಸಿನ ಮೂಲಕ. ಕಪ್ಪು ಅರ್ಥ್. ಕೆಂಪು ಪಾರ್ಕಿಂಗ್ ದೀಪ, ನೀಲಿ ಹೆಡ್‌ಲೈಟ್. ಕಂದು ಅಥವಾ ಬಿಳಿ ವೈರಿನ ಸಿಪ್ಪೆ ಹೋಗಿದ್ದರೆ ಸಂಜೆಗೆ ನೋಡೋಣ ಎನ್ನುವಂತಿಲ್ಲ. ಅದನ್ನು ಕಾಯುವ ಫ್ಯೂಸ್ ಯಾವುದೂ ಇಲ್ಲ. ಇನ್ನೊಂದು, ಹಳೆಯ ಲ್ಯೂಕಸ್ ಗಾಜಿನ ಫ್ಯೂಸಿನ ಮೇಲಿನ 35 ಎಂಬ ಅಂಕಿ ಅದು ಸುಟ್ಟುಹೋಗುವ ಮಟ್ಟ. ಸತತ ಹೊರಬಲ್ಲದ್ದು 17 ಆಂಪಿಯರ್. ಇಂದಿನ ಫ್ಯೂಸುಗಳ ಅಂಕಿ ಸತತ ಹೊರುವ ಮಟ್ಟವನ್ನು ಹೇಳುತ್ತದೆ. ಅಂಕಿ ನೋಡಿ 35ರ ಜಾಗಕ್ಕೆ ಹೊಸ 35 ಹಾಕಿದರೆ ಕಾವಲು ಅರ್ಧಕ್ಕೆ ಇಳಿದಂತೆ.

ಇನ್ನು ರಿಪೇರಿ. ಸವೆದ ಜಾಗಕ್ಕೆ ಕಪ್ಪು ಟೇಪ್ ಸುತ್ತಿ ಬಿಡುವುದು ತಾತ್ಕಾಲಿಕ. ಬೇಸಿಗೆಯ ಬಿಸಿಗೆ ಅಂಟು ಕರಗಿ ಟೇಪ್ ಜಾರುತ್ತದೆ. ಕೆಟ್ಟ ತುಂಡನ್ನು ಕತ್ತರಿಸಿ, ಅಷ್ಟೇ ದಪ್ಪದ ಹೊಸ ವೈರ್ ಸೇರಿಸಿ, ಜೋಡಣೆಯ ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಏರಿಸಬೇಕು. ಮನೆಗೆ ಎಳೆಯುವ ಗಟ್ಟಿ ತಂತಿಯ ವೈರ್ ಕಾರಿಗೆ ಸಲ್ಲದು, ಅಲುಗಾಟಕ್ಕೆ ತುಂಡಾಗುತ್ತದೆ. ಬೇಕಾದದ್ದು ಸಣ್ಣ ಎಳೆಗಳು ಬಹಳ ಇರುವ ವಾಹನದ ವೈರು. ಎಲ್ಲಕ್ಕಿಂತ ಮುಖ್ಯವಾಗಿ, ಸವೆಯಲು ಕಾರಣವಾದ ತಗಡಿನ ತೂತಿಗೆ ಹೊಸ ರಬ್ಬರ್ ಬುಷ್ ಹಾಕಬೇಕು. ಅದಿಲ್ಲದ ರಿಪೇರಿ ಮುಂದಿನ ಮಳೆಗಾಲದವರೆಗೆ ಬಂದರೆ ಹೆಚ್ಚು.

ಹೆಚ್ಚು ಬೆಳಕಿನ ಆಸೆಗೆ 60/55 ವ್ಯಾಟಿನ ಹೆಡ್‌ಲೈಟ್ ಬಲ್ಬಿನ ಜಾಗಕ್ಕೆ 100/90 ಹಾಕಿದವರು ಒಂದು ಲೆಕ್ಕ ಮಾಡಬೇಕು. ಎರಡು ದೀಪ ಹೈಬೀಮಿನಲ್ಲಿ 10 ಆಂಪಿಯರ್ ಎಳೆಯುತ್ತಿದ್ದದ್ದು 16 ದಾಟುತ್ತದೆ. ಅಷ್ಟೂ ಸ್ಟೀರಿಂಗ್ ಪಕ್ಕದ ಸಣ್ಣ ಸ್ವಿಚ್ಚಿನ ಮೂಲಕ ಹಾದರೆ ಮೊದಲು ಸುಟ್ಟ ವಾಸನೆ, ಆಮೇಲೆ ಕರಗಿದ ಸ್ವಿಚ್ಚು. ಮಾಮೂಲಿ ಬಲ್ಬನ್ನೇ ಉಳಿಸಿಕೊಂಡು ರಿಲೇ ಹಾಕಿಸಿದರೆ, ದಪ್ಪ ವೈರಿನಲ್ಲಿ ಪೂರ್ತಿ ವೋಲ್ಟ್ ತಲುಪಿ ಬೆಳಕು ತಾನಾಗಿ ಹೆಚ್ಚುತ್ತದೆ. ಆ ವೈರ್ ಬ್ಯಾಟರಿಯಿಂದ ಹೊರಟ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ದೀಪದ ಹತ್ತಿರ ಹಾಕಿದ ಫ್ಯೂಸ್ ದಾರಿಯಲ್ಲಾಗುವ ಶಾರ್ಟನ್ನು ತಡೆಯುವುದಿಲ್ಲ.

‘ಸಾರ್, ವೈರಿಂಗ್ ಪೂರ್ತಿ ಹೊಸದಾಗಿ ಹಾಕ್ಬೇಕು’ ಎಂಬ ಮಾತು ಬಾನೆಟ್ ಎತ್ತಿದ ಐದೇ ನಿಮಿಷಕ್ಕೆ ಬಂದರೆ ಕಾರನ್ನು ಬೇರೆ ಕಡೆ ಒಯ್ಯುವುದು ಒಳ್ಳೆಯದು. ಆದರೆ ಆ ಮಾತು ನಿಜವಾಗುವ ಗಾಡಿಗಳೂ ಇವೆ. 1950, 60ರ ದಶಕದ ಕೆಲವು ಕಾರುಗಳಲ್ಲಿ ರಬ್ಬರಿನ ಮೇಲೆ ಬಟ್ಟೆ ಹೆಣೆದ ವೈರುಗಳಿರುತ್ತವೆ. ಬೆರಳಲ್ಲಿ ಮಡಚಿದಾಗ ಒಳಗಿನ ರಬ್ಬರ್ ಪುಡಿಯಾಗಿ ಉದುರಿದರೆ ಅಲ್ಲಿ ಒಂದು ಶಾರ್ಟ್ ಹುಡುಕುವುದರಲ್ಲಿ ಅರ್ಥವಿಲ್ಲ, ನಾಳೆ ಇನ್ನೊಂದು ಬರುತ್ತದೆ. ಇಡೀ ಕಟ್ಟು ಬದಲಿಸುವುದೇ ಸರಿ. ಅದಕ್ಕೆ ಕೈಹಾಕುವ ಮುನ್ನ ಹಳೆಯ ವೈರುಗಳನ್ನು ಕಿತ್ತು ಬಿಸಾಡದೆ, ಒಂದೊಂದು ತುದಿಗೂ ಚೀಟಿ ಕಟ್ಟಿ, ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಬೇಕು. ಕೆಲಸ ಮುಗಿದ ದಿನ ಬ್ಯಾಟರಿಗೆ ನೇರ ಕೇಬಲ್ ಬಿಗಿಯದೆ, ನೆಗೆಟಿವ್ ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಅದೇ 21 ವ್ಯಾಟಿನ ಬಲ್ಬನ್ನು ಸೇರಿಸಿ ನೋಡಬೇಕು. ಎಲ್ಲ ಸ್ವಿಚ್ಚೂ ಆರಿಸಿ, ಬಾಗಿಲು ಮುಚ್ಚಿದ್ದೂ ಬಲ್ಬು ಬೆಳಗಿದರೆ ಕೇಬಲ್ ಬಿಗಿಯುವ ಹೊತ್ತು ಇನ್ನೂ ಬಂದಿಲ್ಲ.